ಮ್ಯೂಸಿಯಂ ಭೇಟಿ ಪಾಠವಾಗುವುದು ಯಾವಾಗ?

ನವೆಂಬರ್, ಡಿಸೆಂಬರ್ ಬಂತೆಂದರೆ ಮೈಸೂರಿನ ಅರಮನೆ ಹತ್ತಿರ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಹಂಪಿಯಲ್ಲಿ ಎಲ್ಲಿ ನೋಡಿದರೂ ಶಾಲಾ ಮಕ್ಕಳ ಬಸ್ಸು. ಮುಂದಿನ ಗಾಜಿನ ಕೆಳಗೆ 'ಶೈಕ್ಷಣಿಕ ಪ್ರವಾಸ' ಎಂಬ ಬ್ಯಾನರ್ ಕಟ್ಟಿರುತ್ತದೆ. ಪ್ರವಾಸವನ್ನು ಡಿಸೆಂಬರ್ ಒಳಗೆ ಮುಗಿಸಿ ಎಂದು ಇಲಾಖೆ ಹೇಳುವುದರಿಂದ ಎಲ್ಲ ಶಾಲೆಗಳೂ ಒಂದೇ ಹೊತ್ತಿಗೆ ಹೊರಡುತ್ತವೆ. ಬೆಳಿಗ್ಗೆ ಮೃಗಾಲಯ, ಆಮೇಲೆ ಅರಮನೆ, ಊಟ ಮುಗಿಸಿ ಚಾಮುಂಡಿ ಬೆಟ್ಟ, ಸಂಜೆಗೆ ಕೆ.ಆರ್.ಎಸ್. ಇವುಗಳ ನಡುವೆ ಎಲ್ಲೋ ಅರ್ಧ ಗಂಟೆ ಒಂದು ಮ್ಯೂಸಿಯಂ. ಮಕ್ಕಳು ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುತ್ತಾರೆ. 'ಮುಟ್ಟಬೇಡಿ', 'ಮಾತಾಡಬೇಡಿ', 'ಬೇಗ ನಡೀರಿ' ಎಂಬ ಮೂರು ಮಾತೇ ಒಳಗೆ ಜಾಸ್ತಿ ಕೇಳುವುದು.

ಪ್ರವಾಸದ ಖುಷಿಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಗೆಳೆಯರ ಜೊತೆ ಕಿಟಕಿ ಪಕ್ಕ ಕೂತು ಹಾಡು ಹೇಳುತ್ತಾ ಊರೂರು ದಾಟುವುದು ಮಕ್ಕಳಿಗೆ ಸಿಗಲೇಬೇಕಾದ ಸಂತೋಷ. ಅದು ಇರಲಿ. ಆದರೆ ಮ್ಯೂಸಿಯಂ ಭೇಟಿಯನ್ನು ಪಾಠದ ಭಾಗವಾಗಿ ಬಳಸಬೇಕು ಎಂದು ಒಬ್ಬ ಶಿಕ್ಷಕಿ ಮನಸ್ಸು ಮಾಡಿದರೆ ಏನೇನು ಬೇಕಾಗುತ್ತದೆ? ಈ ಪ್ರಶ್ನೆ ಈಗ ಮುಖ್ಯವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದ ಶಾಲೆ ಎಂದಿತು. ಐತಿಹಾಸಿಕ ಜಾಗಗಳಿಗೆ ಮಕ್ಕಳನ್ನು ಕರೆದೊಯ್ಯಿರಿ ಎಂದೂ ಹೇಳಿತು. ನಮ್ಮಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲೇ ನಾಡು ತೋರಿಸುವ ಯೋಜನೆಗಳು ಅದಕ್ಕೂ ಹಿಂದಿನಿಂದ ಇವೆ. ಕರೆದುಕೊಂಡು ಹೋಗಿ ಎನ್ನುವವರು ತುಂಬಾ ಜನ. ಹೋದ ಮೇಲೆ ಏನು ಮಾಡಬೇಕು ಎನ್ನುವುದರ ಬಗ್ಗೆ ಮಾತು ಕಡಿಮೆ.

ಮ್ಯೂಸಿಯಂ ಒಳಗೆ ಕಳೆಯುವ ಹೊತ್ತು ಹೇಗಿರುತ್ತದೆ ಎನ್ನುವುದು ತರಗತಿಯಲ್ಲೇ ತೀರ್ಮಾನವಾಗುತ್ತದೆ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಹಿಂದಿನ ವಾರ ಏನು ಮಾತಾಡಿದೆವು, ಮುಂದಿನ ವಾರ ಏನು ಮಾಡಿದೆವು ಎಂಬುದರ ಮೇಲೆ ಅದು ನಿಂತಿದೆ. ಇನ್ನೊಂದು ಮಾತು: ಎಷ್ಟು ಕಡಿಮೆ ವಸ್ತು ನೋಡುತ್ತೇವೋ ಅಷ್ಟು ಜಾಸ್ತಿ ಕಲಿಯುತ್ತೇವೆ.

ಇದು ಬರೀ ಅನಿಸಿಕೆಯಲ್ಲ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಬೆಂಟನ್‌ವಿಲ್ ಎಂಬ ಸಣ್ಣ ಊರಿದೆ. ವಾಲ್‌ಮಾರ್ಟ್ ಕಂಪನಿಯ ಕೇಂದ್ರ ಕಚೇರಿ ಇರುವ ಊರು. 2011ರ ನವೆಂಬರ್‌ನಲ್ಲಿ ಅಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎಂಬ ದೊಡ್ಡ ಕಲಾ ಮ್ಯೂಸಿಯಂ ತೆರೆಯಿತು. ಸುತ್ತಮುತ್ತಲ ಶಾಲೆಗಳಿಗೆ ಭೇಟಿ ಪೂರ್ತಿ ಉಚಿತ. ಬಸ್ಸಿನ ಖರ್ಚು, ಊಟ, ಶಿಕ್ಷಕರು ಹೊರಗೆ ಹೋದ ದಿನ ಶಾಲೆಯಲ್ಲಿ ಅವರ ಬದಲು ಪಾಠ ಮಾಡುವವರ ಸಂಬಳ, ಎಲ್ಲವನ್ನೂ ಮ್ಯೂಸಿಯಂ ಕೊಡುತ್ತಿತ್ತು. ಅರ್ಜಿಗಳು ಜಾಗಕ್ಕಿಂತ ತುಂಬಾ ಜಾಸ್ತಿ ಬಂದವು. ಆಗ ಆರ್ಕನ್ಸಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಒಳ್ಳೆಯ ಉಪಾಯ ಮಾಡಿದರು. ಒಂದೇ ರೀತಿಯ ಶಾಲೆಗಳನ್ನು ಜೋಡಿ ಮಾಡಿ ಲಾಟರಿ ಎತ್ತಿದರು. ಗೆದ್ದ ಶಾಲೆ ಮೊದಲು ಹೋಯಿತು. ಸೋತ ಶಾಲೆಗೆ ನಂತರದ ಸರದಿ. ಹೀಗೆ 123 ಶಾಲೆಗಳ ಸುಮಾರು 11,000 ಮಕ್ಕಳನ್ನು ಹೋಲಿಸಿ ನೋಡಲು ಆಯಿತು. ಹೋದವರಿಗೂ ಹೋಗದವರಿಗೂ ಇರುವ ವ್ಯತ್ಯಾಸ ಲಾಟರಿಯಿಂದ ಬಂದದ್ದು, ಮನೆಯ ಶ್ರೀಮಂತಿಕೆಯಿಂದಲ್ಲ. ಇಂಥ ಅಧ್ಯಯನಗಳು ಶಿಕ್ಷಣದಲ್ಲಿ ಅಪರೂಪ.

ಭೇಟಿ ಮುಗಿದು ಸರಾಸರಿ ಮೂರು ವಾರವಾದ ಮೇಲೆ ಮಕ್ಕಳಿಗೆ ಪ್ರಶ್ನೆ ಕೇಳಿದರು. ಮ್ಯೂಸಿಯಂನಲ್ಲಿ ಒಂದು ಹಳೆಯ ಚಿತ್ರವಿದೆ. ಕಾಡಿನಲ್ಲಿ ಜನ ಸೇರಿ ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವ ದೃಶ್ಯ. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದವರು ಗುಲಾಮರ ದುಡಿಮೆಯಿಂದ ಬರುವ ಕಬ್ಬಿನ ಸಕ್ಕರೆ ಬಿಟ್ಟು ಇದನ್ನು ಬಳಸುತ್ತಿದ್ದರು ಎಂಬ ವಿಷಯ ಆ ಚಿತ್ರದ ಮುಂದೆ ಚರ್ಚೆಗೆ ಬಂದಿತ್ತು. ಮೂರು ವಾರದ ನಂತರವೂ ಆ ಚಿತ್ರ ನೋಡಿದ್ದ ಮಕ್ಕಳಲ್ಲಿ 88% ಮಂದಿಗೆ ಅದು ನೆನಪಿತ್ತು. ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಪರೀಕ್ಷೆ ಇದೆ ಎಂದೂ ಹೇಳಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಫಲ ಇನ್ನೊಂದು. ಮಕ್ಕಳು ಹಿಂದೆಂದೂ ನೋಡಿರದ ಒಂದು ಚಿತ್ರ ಕೊಟ್ಟು, ಇದರಲ್ಲಿ ಏನು ನಡೆಯುತ್ತಿದೆ ಬರೆಯಿರಿ ಎಂದರು. ಮ್ಯೂಸಿಯಂಗೆ ಹೋಗಿ ಬಂದ ಮಕ್ಕಳು ಸೂಕ್ಷ್ಮವಾಗಿ ಗಮನಿಸಿ, ಕಾರಣ ಕೊಟ್ಟು ಬರೆದರು. ಒಟ್ಟಾರೆ ಲೆಕ್ಕದಲ್ಲಿ ಈ ವ್ಯತ್ಯಾಸ ಸಣ್ಣದು. ಆದರೆ ಹಳ್ಳಿ ಶಾಲೆಗಳ ಮಕ್ಕಳಲ್ಲಿ ಅದು ಒಟ್ಟು ಸರಾಸರಿಯ ಸುಮಾರು ಮೂರು ಪಟ್ಟು ಇತ್ತು. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಲ್ಲೂ ಲಾಭ ಸರಾಸರಿಗಿಂತ ಹೆಚ್ಚು. ಮನೆಯಿಂದ ಯಾರೂ ಮ್ಯೂಸಿಯಂಗೆ ಕರೆದುಕೊಂಡು ಹೋಗದ ಮಕ್ಕಳಿಗೇ ಶಾಲೆಯ ಭೇಟಿ ಅತಿ ಹೆಚ್ಚು ಕೊಡುತ್ತದೆ ಎಂದಾಯಿತು. ನಮ್ಮ ಸರ್ಕಾರಿ ಶಾಲೆಗಳ ಬಗ್ಗೆ ಯೋಚಿಸುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಅಲ್ಲಿ ಮಕ್ಕಳು ಒಂದು ಗಂಟೆಯಲ್ಲಿ ಚರ್ಚಿಸಿದ್ದು ಸಾಮಾನ್ಯವಾಗಿ ಐದು ಚಿತ್ರ. ಬರೀ ಐದು. ಮ್ಯೂಸಿಯಂನಲ್ಲಿ ನೂರಾರು ಇದ್ದವು. ಪ್ರತಿಯೊಂದರ ಮುಂದೆ ಕೂತು, ಮಾತಾಡಿ, ವಾದ ಮಾಡಿ ಮುಂದೆ ಹೋದರು. ಹೊರಡುವ ಮುಂಚೆ ತರಗತಿಯಲ್ಲಿ ತೋರಿಸಲು ಐದು ನಿಮಿಷದ ಪರಿಚಯ ವಿಡಿಯೋ ಮ್ಯೂಸಿಯಂನಿಂದ ಬಂದಿತ್ತು. ಆಮೇಲೆ ತರಗತಿಯಲ್ಲಿ ಮಾಡಲು ಚಟುವಟಿಕೆಗಳೂ ಇದ್ದವು.

ಆ ಐದು ನಿಮಿಷದ ವಿಡಿಯೋ ಸಣ್ಣ ವಿಷಯ ಅನಿಸಬಹುದು. ಅದು ಯಾಕೆ ಬೇಕು ಎಂದು 1970ರ ದಶಕದಲ್ಲೇ ಅಮೆರಿಕದ ಸಂಶೋಧಕ ಜಾನ್ ಫಾಕ್ ಮತ್ತು ಅವರ ಜೊತೆಗಾರರು ತೋರಿಸಿದ್ದರು. ಮಕ್ಕಳು ಪೂರ್ತಿ ಹೊಸ ಜಾಗಕ್ಕೆ ಹೋದಾಗ ಮೊದಲು ಆ ಜಾಗವನ್ನೇ ನೋಡುತ್ತಾರೆ. ಬಾಗಿಲು ಎಲ್ಲಿ, ಶೌಚಾಲಯ ಎಲ್ಲಿ, ಊಟ ಎಷ್ಟೊತ್ತಿಗೆ, ಅಂಗಡಿ ಇದೆಯಾ, ಈ ಕಟ್ಟಡ ಎಷ್ಟು ಎತ್ತರ. ಇದು ಗಲಾಟೆ ಅಲ್ಲ, ಅಶಿಸ್ತೂ ಅಲ್ಲ. ಹೊಸ ಜಾಗದಲ್ಲಿ ಯಾರ ಮನಸ್ಸಾದರೂ ಹೀಗೇ ಕೆಲಸ ಮಾಡುತ್ತದೆ. ಈ ಪ್ರಶ್ನೆಗಳಿಗೆಲ್ಲ ಹಿಂದಿನ ದಿನವೇ ತರಗತಿಯಲ್ಲಿ ಉತ್ತರ ಸಿಕ್ಕಿಬಿಟ್ಟರೆ, ಮ್ಯೂಸಿಯಂ ಒಳಗೆ ಮಕ್ಕಳ ಗಮನ ವಸ್ತುಗಳ ಕಡೆ ತಿರುಗುತ್ತದೆ. ಅದಕ್ಕೇ ಅನುಭವ ಇರುವ ಶಿಕ್ಷಕರು ಹೊರಡುವ ಮುಂಚೆ ಕಪ್ಪುಹಲಗೆಯ ಮೇಲೆ ಕಟ್ಟಡದ ನಕ್ಷೆ ಬರೆಯುತ್ತಾರೆ. ಎಲ್ಲಿ ಇಳಿಯುತ್ತೇವೆ, ಚೀಲ ಎಲ್ಲಿ ಇಡುತ್ತೇವೆ, ಬುತ್ತಿ ಎಲ್ಲಿ ಬಿಚ್ಚುತ್ತೇವೆ ಎಂದು ಮೊದಲೇ ಹೇಳುತ್ತಾರೆ. ನೋಡಲು ಇದು ಬರೀ ವ್ಯವಸ್ಥೆಯ ಮಾತು. ಆದರೆ ಕಲಿಕೆಗೆ ಜಾಗ ಆಗುವುದೇ ಇದರಿಂದ.

ಈಗ ನಮ್ಮದೇ ಒಂದು ವಸ್ತು ಇಟ್ಟುಕೊಂಡು ಇದನ್ನೆಲ್ಲ ನೋಡೋಣ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು. ಅದರ ಸಂಗ್ರಹದಲ್ಲಿ ಆತಕೂರಿನ ಕಲ್ಲು ಇದೆ. ಆತಕೂರು ಮಂಡ್ಯ ಜಿಲ್ಲೆಯ ಊರು. ಕಲ್ಲಿನ ಕಾಲ ಕ್ರಿ.ಶ. 949ರ ಸುಮಾರು. ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುವ ಕೆತ್ತನೆ, ಜೊತೆಗೆ ಹಳಗನ್ನಡದ ಬರಹ.

ಕಲ್ಲು ಹೇಳುವ ಕಥೆ ಹೀಗಿದೆ. ರಾಷ್ಟ್ರಕೂಟರ ದೊರೆ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಗಂಗರ ಬೂತುಗ ಅವನ ಪಕ್ಷದಲ್ಲಿದ್ದ. ಯುದ್ಧದಲ್ಲಿ ರಾಜಾದಿತ್ಯ ಸತ್ತ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ. ಬೂತುಗನ ಕೈಕೆಳಗೆ ಮಣಲರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಬೂತುಗ ಮೆಚ್ಚಿ, ಏನು ಬೇಕು ಕೇಳು ಎಂದ. ಮಣಲರ ಕೇಳಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು.

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗಂಗರು ಬರುತ್ತಾರೆ, ರಾಷ್ಟ್ರಕೂಟರು ಬರುತ್ತಾರೆ, ಚೋಳರು ಬರುತ್ತಾರೆ. ಪುಸ್ತಕದಲ್ಲಿ ಅವರು ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ತಲೆಬರಹದ ಕೆಳಗೆ ಇರುತ್ತಾರೆ. ಈ ಕಲ್ಲಿನ ಮೇಲೆ ಮೂರೂ ಮನೆತನಗಳು ಒಂದೇ ಜಾಗದಲ್ಲಿ ಸಿಗುತ್ತವೆ. ಅದೂ ಒಂದು ನಾಯಿಯ ಕಥೆಯ ಜೊತೆ. ಹದಿಮೂರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಾ?

ಹಾಗಿದ್ದರೆ ಶಿಕ್ಷಕಿ ಏನು ಮಾಡಬಹುದು? ಹೋಗುವ ಹಿಂದಿನ ವಾರ ಕಥೆ ಹೇಳಬಾರದು. ಇದನ್ನು ಒತ್ತಿ ಹೇಳುತ್ತೇನೆ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಮಕ್ಕಳು ಮ್ಯೂಸಿಯಂನಲ್ಲಿ ಬರೀ 'ಓ, ಅದು ಇದೇನಾ' ಎಂದು ಮುಂದೆ ಹೋಗುತ್ತಾರೆ. ಬದಲಿಗೆ ವೀರಗಲ್ಲು (ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸುವ ಕಲ್ಲು) ಎಂದರೇನು ಎಂದು ಮಾತಾಡಬಹುದು. ನಿಮ್ಮ ಊರಲ್ಲಿ ಇದೆಯಾ, ಎಲ್ಲಿದೆ, ಜನ ಅದಕ್ಕೆ ಏನಂತ ಕರೆಯುತ್ತಾರೆ ಎಂದು ಕೇಳಬಹುದು. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಭಾಗದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲೆ ದೇವರ ಸನ್ನಿಧಿ ಇರುತ್ತದೆ. ಈ ಕ್ರಮವನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. ಆಗ ಮಕ್ಕಳ ಕೈಗೆ ಒಂದು ಕೀಲಿ ಕೊಟ್ಟ ಹಾಗೆ.

ಮ್ಯೂಸಿಯಂನಲ್ಲಿ ಹತ್ತು ಹನ್ನೆರಡು ಮಕ್ಕಳ ಗುಂಪು ಕಲ್ಲಿನ ಮುಂದೆ ನಿಲ್ಲಲಿ. ಮೊದಲ ಎರಡು ನಿಮಿಷ ಯಾರೂ ಮಾತಾಡುವುದು ಬೇಡ, ಸುಮ್ನೆ ನೋಡಲಿ. ಆಮೇಲೆ ಕೇಳುವ ಪ್ರಶ್ನೆ ಮೂರೇ. 'ಇಲ್ಲಿ ಏನು ನಡೀತಿದೆ?' 'ಹಾಗಂತ ಹೇಳೋಕೆ ನಿಂಗೆ ಏನು ಕಾಣಿಸ್ತು?' 'ಇನ್ನೇನು ಕಾಣುತ್ತೆ?' ಈ ಮೂರು ಪ್ರಶ್ನೆಗಳ ಪದ್ಧತಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಶಿಕ್ಷಣ ವಿಭಾಗದ ನಿರ್ದೇಶಕರಾಗಿದ್ದ ಫಿಲಿಪ್ ಯೆನವೈನ್ ಮತ್ತು ಮನಃಶಾಸ್ತ್ರಜ್ಞೆ ಅಬಿಗೈಲ್ ಹೌಸನ್ ಕಟ್ಟಿದ್ದು. ಚಿತ್ರಕಲೆಗೆ ಅಂತ ಮಾಡಿದ್ದು, ಕಲ್ಲಿಗೂ ಚೆನ್ನಾಗಿ ಒಗ್ಗುತ್ತದೆ. ಎರಡನೇ ಪ್ರಶ್ನೆಯೇ ಇದರ ಜೀವ. ಒಬ್ಬ ಹುಡುಗ 'ಹಂದಿ ಗೆಲ್ತಿದೆ' ಎಂದರೆ ಸರಿ ತಪ್ಪು ಹೇಳುವುದಿಲ್ಲ. ಏನು ನೋಡಿ ಹಾಗೆ ಹೇಳಿದೆ ಎಂದು ಕೇಳುತ್ತೇವೆ. ಅವನು ಮತ್ತೆ ಕಲ್ಲಿನ ಕಡೆ ತಿರುಗಬೇಕಾಗುತ್ತದೆ. ಇನ್ನೊಬ್ಬಳು 'ಇಲ್ಲ ಕಣೋ, ನಾಯಿ ಬಾಯಿ ನೋಡು' ಎನ್ನುತ್ತಾಳೆ. ಇತಿಹಾಸ ಓದುವುದು ಅಂದರೆ ಇದೇ ಅಲ್ವಾ? ಹೇಳಿದ ಮಾತಿಗೆ ಆಧಾರ ತೋರಿಸುವುದು.

ಕಥೆ ಹೇಳಬೇಕಾದ್ದು ಇದೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಅದನ್ನು ಕೇಳಲು ಕಾಯುತ್ತಿರುತ್ತಾರೆ.

ವಾಪಸ್ ಬಂದ ವಾರ ತರಗತಿಯಲ್ಲಿ ಎಷ್ಟೊಂದು ಪ್ರಶ್ನೆ ಏಳಬಹುದು ನೋಡಿ. ರಾಜ ಏನು ಬೇಕಾದರೂ ಕೇಳು ಎಂದಾಗ ಮಣಲರ ಊರು ಕೇಳದೆ ನಾಯಿ ಯಾಕೆ ಕೇಳಿದ? ತಕ್ಕೋಲ ಈಗಿನ ತಮಿಳುನಾಡಿನಲ್ಲಿದೆ, ಆತಕೂರಿನಿಂದ ಅದು ಎಷ್ಟು ದೂರ, ಸೈನ್ಯ ಯಾವ ದಾರಿಯಲ್ಲಿ ಹೋಗಿರಬಹುದು? ಭೂಪಟ ತೆಗೆದರೆ ಅದು ಭೂಗೋಳದ ಪಾಠ. ಬನವಾಸಿ 12000 ಅಂದರೆ ಏನು 12000? ಈ ಸಂಖ್ಯೆಗಳು ಊರುಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂಬ ಬಗ್ಗೆ ಇತಿಹಾಸಕಾರರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ದೊಡ್ಡವರೂ ಒಪ್ಪಿ ಮುಗಿಸದ ಪ್ರಶ್ನೆಯೊಂದು ತಮ್ಮ ಪಾಠದಲ್ಲಿದೆ ಎಂದು ಗೊತ್ತಾದಾಗ ಮಕ್ಕಳ ಮುಖ ಬೇರೆಯೇ ಆಗುತ್ತದೆ. ಕಲ್ಲಿನ ಮೇಲಿನ ನಾಲ್ಕು ಪದ ಆರಿಸಿ ಈಗಿನ ಕನ್ನಡದ ಜೊತೆ ಇಟ್ಟು ನೋಡಿದರೆ ಕನ್ನಡ ಮೇಷ್ಟ್ರ ಪಾಠವೂ ಆಯಿತು. ಒಂದು ಕಲ್ಲು, ಮೂರು ವಿಷಯ, ಎರಡು ವಾರ. ಉಳಿದ ಹಾಲ್‌ಗಳನ್ನು ಮಕ್ಕಳು ತಮ್ಮ ಪಾಡಿಗೆ ಸುತ್ತಾಡಿ ನೋಡಲಿ, ಅದಕ್ಕೆ ಯಾವ ಲೆಕ್ಕವೂ ಬೇಡ.

ವಿಜ್ಞಾನದ ಮ್ಯೂಸಿಯಂನಲ್ಲಿ ಕಷ್ಟ ಬೇರೆ ರೀತಿಯದು. ಅದೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ನಾಡಿನ ಲಕ್ಷಾಂತರ ಮಕ್ಕಳು ನೋಡಿರುವ ಜಾಗ. 1965ರಲ್ಲಿ ಅದರ ಮೊದಲ ಗ್ಯಾಲರಿ ತೆರೆದದ್ದು ವಿದ್ಯುತ್ ಬಗ್ಗೆ. ಎಂಜಿನ್ ಹಾಲ್ ಇದೆ, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ, ಬಾಗಿಲಲ್ಲೇ ಡೈನೋಸಾರ್ ಇದೆ. ಇಲ್ಲಿ 'ಮುಟ್ಟಬೇಡಿ' ಇಲ್ಲ. ಬಟನ್ ಒತ್ತಬಹುದು, ಹಿಡಿ ತಿರುಗಿಸಬಹುದು. ಕಷ್ಟ ಇರುವುದೂ ಅಲ್ಲೇ. ಮಕ್ಕಳು ಓಡಿ ಬಂದು ಬಟನ್ ಒತ್ತುತ್ತಾರೆ, ಏನೋ ತಿರುಗುತ್ತದೆ, ಏನೋ ಬೆಳಗುತ್ತದೆ, ಮುಂದಿನ ಬಟನ್‌ಗೆ ಓಡುತ್ತಾರೆ. ಖುಷಿ ಇದೆ, ಯೋಚನೆಗೆ ಪುರಸೊತ್ತಿಲ್ಲ.

ಇದಕ್ಕೆ ವಿಜ್ಞಾನ ಶಿಕ್ಷಕರು ಬಳಸುವ ಒಂದು ಸರಳ ದಾರಿ ಇದೆ. ಮೊದಲು ಊಹೆ, ಆಮೇಲೆ ನೋಟ, ಆಮೇಲೆ ಕಾರಣ. ಉದಾಹರಣೆಗೆ, ಹಗ್ಗ ಎಳೆದು ನಮ್ಮನ್ನು ನಾವೇ ಮೇಲೆತ್ತಿಕೊಳ್ಳುವ ರಾಟೆಯ ಕುರ್ಚಿ ವಿಜ್ಞಾನ ಕೇಂದ್ರಗಳಲ್ಲಿ ಸಾಮಾನ್ಯ. ಒಂದು ಕುರ್ಚಿಗೆ ಒಂದು ರಾಟೆ, ಇನ್ನೊಂದಕ್ಕೆ ಜಾಸ್ತಿ. ಕೂರುವ ಮುಂಚೆ ಜೋಡಿ ಜೋಡಿಯಾಗಿ ಹೇಳಬೇಕು: ಯಾವುದು ಹಗುರ, ಯಾವುದರಲ್ಲಿ ಜಾಸ್ತಿ ಉದ್ದ ಹಗ್ಗ ಎಳೆಯಬೇಕಾಗುತ್ತದೆ? ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಕೂರಬೇಕು. ಊಹೆ ತಪ್ಪಾದ ಮಗುವಿಗೆ ಕಾರಣ ಬೇಕಾಗುತ್ತದೆ. ಶಕ್ತಿ ಉಳಿತಾಯವಾಗಲಿಲ್ಲ, ಬಲ ಕಡಿಮೆ ಮಾಡಿದ್ದಕ್ಕೆ ದೂರ ಜಾಸ್ತಿ ಕೊಟ್ಟೆವು ಎಂಬ ಮಾತು ಕೈಯಲ್ಲಿ ಹಗ್ಗ ಹಿಡಿದಾಗ ಅರ್ಥವಾಗುವ ಹಾಗೆ ಹಲಗೆಯ ಮೇಲೆ ಆಗುವುದಿಲ್ಲ. ಒಂದು ಭೇಟಿಯಲ್ಲಿ ಇಂಥ ಮೂರು ಮಾದರಿ ಮುಗಿದರೆ ಧಾರಾಳವಾಯಿತು.

ವರ್ಕ್‌ಶೀಟ್ ಬಗ್ಗೆ ಒಂದು ಮಾತು. ಭೇಟಿ ಗಂಭೀರವಾಗಿರಲಿ ಎಂದು ಎಷ್ಟೋ ಶಾಲೆಗಳು ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಡುತ್ತವೆ. ಮೂರನೇ ವಿಗ್ರಹದ ಹೆಸರೇನು, ಯಾವ ಶತಮಾನ, ಎಲ್ಲಿ ಸಿಕ್ಕಿತು. ಮಕ್ಕಳು ಆಗ ವಿಗ್ರಹ ನೋಡುವುದಿಲ್ಲ, ಕೆಳಗಿನ ಫಲಕ ನೋಡುತ್ತಾರೆ. ಒಬ್ಬರು ಬರೆದದ್ದನ್ನು ಹತ್ತು ಜನ ನಕಲು ಮಾಡುತ್ತಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶಾಲಾ ಭೇಟಿಗಳನ್ನು ಹಿಂಬಾಲಿಸಿ ನೋಡಿದ ಜಾನೆಟ್ ಗ್ರಿಫಿನ್ ಮತ್ತು ಡೇವಿಡ್ ಸಿಮಿಂಗ್ಟನ್ 1997ರಲ್ಲಿ ಬರೆದದ್ದೂ ಇದನ್ನೇ. ಹೆಚ್ಚಿನ ಶಿಕ್ಷಕರ ಗಮನ ಹಾಳೆ ತುಂಬಿಸುವುದರ ಮೇಲಿತ್ತು, ತರಗತಿಯ ಪಾಠದ ಜೊತೆ ಕೊಂಡಿ ತುಂಬಾ ಕಡಿಮೆ ಇತ್ತು. ಅವರು ಹೇಳಿದ ಪರ್ಯಾಯ ನನಗೆ ಇಷ್ಟ: ಮಕ್ಕಳು ತಮ್ಮ ಪ್ರಶ್ನೆಗಳನ್ನು ತಾವೇ ತರಗತಿಯಲ್ಲಿ ಬರೆದುಕೊಂಡು ಬರಲಿ. ಉತ್ತರ ಹುಡುಕುವ ಹಾಲ್ ಯಾವುದು ಎನ್ನುವುದೂ ಅವರದೇ ಆಯ್ಕೆ. ಹಾಳೆ ಬೇಕೇ ಬೇಕು ಎಂದರೆ ಒಂದೇ ಕೆಲಸ ಕೊಡಿ. ಒಂದು ವಸ್ತು ಆರಿಸಿ, ಅದರ ಚಿತ್ರ ಬರೆದುಕೊಂಡು ಬನ್ನಿ. ಚೆನ್ನಾಗಿ ಬರೆಯಲು ಬಾರದಿದ್ದರೂ ಪರವಾಗಿಲ್ಲ. ಬರೆಯುವಾಗ ನೋಡಲೇಬೇಕಾಗುತ್ತದೆ.

ಹೋಗುವ ಜಾಗದ ಆಯ್ಕೆಯಲ್ಲೂ ಸ್ವಲ್ಪ ಯೋಚನೆ ಬೇಕು. ರಾಮನಗರದ ಜಾನಪದ ಲೋಕ ಹೆದ್ದಾರಿ ಪಕ್ಕದಲ್ಲೇ ಇದೆ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಅಲೆದು ಕೂಡಿಸಿದ ಬೇಸಾಯದ ಸಾಮಾನು, ಅಡುಗೆಮನೆಯ ಪಾತ್ರೆ, ತೊಗಲುಗೊಂಬೆ ಅಲ್ಲಿವೆ. ಮೈಸೂರಿಗೆ ಹೋಗುವ ಬಸ್ಸುಗಳು ಅಲ್ಲಿ ತಿಂಡಿಗೆ ಅಂತ ನಿಂತು ಹೋಗುವುದುಂಟು. ಅದನ್ನೇ ಮುಖ್ಯ ಭೇಟಿ ಮಾಡಿಕೊಂಡರೆ ವಾಪಸ್ ಬಂದ ಮೇಲೆ ಮಕ್ಕಳು ಮನೆಯ ಅಟ್ಟದಿಂದ ಪಾವು, ಸೇರು ಹುಡುಕಿ ತರುತ್ತಾರೆ. ಅಜ್ಜಿಯನ್ನು ಕೇಳಿ, ನಾಲ್ಕು ಪಾವು ಒಂದು ಸೇರು ಎಂದು ಭಿನ್ನರಾಶಿಯ ಲೆಕ್ಕ ಮಾಡಬಹುದು. ಹಂಪಿಗೆ ಹೋಗುವವರು ಮೊದಲು ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಹೋಗಬೇಕು. ಹೆಚ್ಚಿನ ಬಸ್ಸುಗಳು ಅಲ್ಲಿಗೆ ಕೊನೆಗೆ ಹೋಗುತ್ತವೆ, ಇಲ್ಲವೇ ಹೋಗುವುದೇ ಇಲ್ಲ. ಅದರ ಅಂಗಳದಲ್ಲಿ ಇಡೀ ಹಂಪಿಯ ಬೆಟ್ಟ, ನದಿ, ಕೋಟೆ, ದೇವಸ್ಥಾನಗಳ ದೊಡ್ಡ ಮಾದರಿ ಇದೆ. ಅದರ ಸುತ್ತ ನಿಂತು ಊರನ್ನು ಮೇಲಿನಿಂದ ನೋಡಿ, ಆಮೇಲೆ ಬಯಲಿಗೆ ಹೋದರೆ ಮಕ್ಕಳಿಗೆ ತಾವು ಎಲ್ಲಿ ನಿಂತಿದ್ದೇವೆ ಎಂದು ಗೊತ್ತಿರುತ್ತದೆ. ಇಲ್ಲದಿದ್ದರೆ ಒಂದಾದ ಮೇಲೊಂದು ಕಲ್ಲು ಮಂಟಪ ಅಷ್ಟೇ. (ಕಮಲಾಪುರ, ಬಾದಾಮಿಯಂಥ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಬೇರೆ ಕಡೆ ಸೋಮವಾರ ಇರಬಹುದು, ದುರಸ್ತಿಗೆ ಅಂತ ಮುಚ್ಚಿರಲೂಬಹುದು. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.)

ಇಷ್ಟೆಲ್ಲ ಓದಿದ ಮೇಲೆ ಒಬ್ಬ ಹಳ್ಳಿ ಶಾಲೆಯ ಶಿಕ್ಷಕರು ಕೇಳಬಹುದು: ನಮ್ಮೂರಿಂದ ಬೆಂಗಳೂರಿಗೆ ಹೋಗಿ ಬರಲು ಎರಡು ದಿನ ಬೇಕು, ಬಸ್ಸಿನ ದುಡ್ಡು ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ. ದೊಡ್ಡ ಮ್ಯೂಸಿಯಂಗಳೆಲ್ಲ ಬೆಂಗಳೂರು, ಮೈಸೂರಿನಲ್ಲೇ ತುಂಬಿವೆ. ವಿಜ್ಞಾನದ ಮಟ್ಟಿಗೆ ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಮಂಗಳೂರಿನ ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಮಕ್ಕಳು ಹೋಗಲಾಗದ ಕಡೆಗೆ ಮ್ಯೂಸಿಯಂ ಬರುವ ಪದ್ಧತಿಯೂ ನಮ್ಮ ದೇಶದಲ್ಲಿ ಹಳೆಯದು. ಕೋಲ್ಕತ್ತದ ಬಿರ್ಲಾ ಮ್ಯೂಸಿಯಂ 1965ರಲ್ಲೇ ಸಂಚಾರಿ ವಿಜ್ಞಾನ ಪ್ರದರ್ಶನ ಶುರು ಮಾಡಿತು. ಇಂಥ ಬಸ್ಸುಗಳು ಇಂದಿಗೂ ಬೆಂಗಳೂರಿನಿಂದ ಹಳ್ಳಿಗಳಿಗೆ ಹೋಗುತ್ತವೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ 2015ರಲ್ಲಿ ಇತಿಹಾಸ ಮತ್ತು ಕಲೆಯ ವಸ್ತುಗಳಿಗೂ ಇಂಥದೇ ಬಸ್ಸು ಹೊರಡಿಸಿತು. ನಮ್ಮ ರಾಜ್ಯದ ಶಾಸನಗಳ, ನಾಣ್ಯಗಳ ಪ್ರತಿಕೃತಿ ತುಂಬಿದ ಒಂದು ಬಸ್ಸು ಪ್ರತಿ ವಿಭಾಗಕ್ಕೂ ಬೇಕು.

ಆದರೆ ಬಸ್ಸಿಗೆ ಕಾಯಬೇಕಾಗಿಯೂ ಇಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ನೋಡಿ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಈ ದೇವಾನಾಂಪ್ರಿಯ ಅಶೋಕನೇ ಎಂದು ಬೇರೆ ಗ್ರಂಥಗಳ ಸಹಾಯದಿಂದ ಊಹಿಸಿದ್ದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಸಿಕ್ಕಿತು. ಇಡೀ ದೇಶದ ಇತಿಹಾಸದ ಪುಸ್ತಕಗಳಲ್ಲಿರುವ ರಾಜನ ಹೆಸರು ಗಟ್ಟಿಯಾದದ್ದು ಈ ಬಂಡೆಯಿಂದ. ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಮಕ್ಕಳು ಮೌರ್ಯರ ಪಾಠವನ್ನು ಈ ಬಂಡೆಯ ಮುಂದೆ ನಿಂತು ಕೇಳಬಹುದು. ಮೈಸೂರಿನ ಟೂರ್‌ಗೆ ಆಗುವ ಖರ್ಚಿನ ಒಂದು ಚೂರು ಸಾಕು.

ಮಸ್ಕಿಯಂಥ ಬಂಡೆ ಎಲ್ಲರ ಊರಲ್ಲಿ ಇರುವುದಿಲ್ಲ, ನಿಜ. ಆದರೆ ಒಂದು ವೀರಗಲ್ಲು ಅಥವಾ ಮಾಸ್ತಿಕಲ್ಲು ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದೆ. ಕೆರೆ ಏರಿಯ ಮೇಲೆ, ಬೇವಿನ ಮರದ ಕೆಳಗೆ, ಕೆಲವು ಕಡೆ ಚರಂಡಿಗೆ ಹಾಸಿಕೊಂಡು. ಸಂಸ್ಥೆಗಳ ಸಹಾಯವೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದ ಸಂಸ್ಥೆ. ಅದು ಈಚಿನ ವರ್ಷಗಳಲ್ಲಿ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಇಂಥ ಸ್ಕ್ಯಾನ್‌ನಲ್ಲಿ ಬರಿಗಣ್ಣಿಗೆ ಕಾಣದ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಅದನ್ನು ತಿರುಗಿಸಿ ನೋಡಿ, ಆಮೇಲೆ ಊರಿನ ಕಲ್ಲಿನ ಹತ್ತಿರ ಹೊರಸಂಚಾರ ಹೋದರೆ ಅದೇ ಮ್ಯೂಸಿಯಂ ಭೇಟಿ.

ಇನ್ನು ವ್ಯವಸ್ಥೆಯ ಮಾತು. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಅಂಥ ನೋವಿನ ನಂತರ ಶಿಕ್ಷಕರಿಗೆ ಮಕ್ಕಳನ್ನು ಹೊರಗೆ ಕರೆದೊಯ್ಯಲು ಭಯ ಆಗುವುದು ಸಹಜ. ಪೋಷಕರ ಒಪ್ಪಿಗೆ ಪತ್ರ, ಮೇಲಧಿಕಾರಿಗಳ ಅನುಮತಿ, ಬಸ್ಸಿನ ದಾಖಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೆಣ್ಣುಮಕ್ಕಳ ಜೊತೆಗೆ ಶಿಕ್ಷಕಿ, ಇವೆಲ್ಲ ಬೇಕೇ ಬೇಕು. ಇದರಲ್ಲಿ ರಿಯಾಯಿತಿ ಕೇಳಬಾರದು. ಆದರೆ ಮೂರು ದಿನದ, ಸಾವಿರ ಕಿಲೋಮೀಟರಿನ, ರಾತ್ರಿ ಪ್ರಯಾಣದ ಟೂರ್‌ಗೂ ಹತ್ತಿರದ ಮ್ಯೂಸಿಯಂಗೆ ಅರ್ಧ ದಿನ ಹೋಗಿ ಬರುವುದಕ್ಕೂ ಒಂದೇ ತೂಕದ ಕಾಗದಪತ್ರ ಆದರೆ, ಶಿಕ್ಷಕರು ವರ್ಷಕ್ಕೊಂದು ದೊಡ್ಡ ಟೂರ್ ಮುಗಿಸಿ ಸುಮ್ಮನಾಗುತ್ತಾರೆ. ಅಪಾಯ ಕಡಿಮೆ ಇರುವ, ಕಲಿಕೆ ಜಾಸ್ತಿ ಇರುವ ಸಣ್ಣ ಭೇಟಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹಂತದಲ್ಲೇ ಸರಳ ಒಪ್ಪಿಗೆ ಸಿಗಬೇಕು. ಅದೂ ಡಿಸೆಂಬರ್‌ಗೆ ಕಟ್ಟು ಹಾಕದೆ, ಪಾಠ ಬರುವ ತಿಂಗಳಲ್ಲಿ. ಗಂಗರ ಪಾಠ ಮಳೆಗಾಲದಲ್ಲಿ ಮುಗಿದು, ಗಂಗರ ಕಲ್ಲು ಚಳಿಗಾಲದಲ್ಲಿ ನೋಡಿದರೆ ಕೊಂಡಿ ಅರ್ಧ ಕಳಚಿರುತ್ತದೆ.

ಎರಡನೆಯದು, ಶಿಕ್ಷಕರು ಮಕ್ಕಳಿಗಿಂತ ಮುಂಚೆ ಒಂದು ಸಲ ಮ್ಯೂಸಿಯಂ ನೋಡಿ ಬರುವಂತಾಗಬೇಕು. ಯಾವ ಹಾಲ್‌ನಲ್ಲಿ ಹನ್ನೆರಡು ಮಕ್ಕಳು ನಿಲ್ಲಬಹುದು, ಯಾವ ವಸ್ತು ಪಾಠಕ್ಕೆ ಹೊಂದುತ್ತದೆ ಎಂದು ಹೋಗಿ ನೋಡದೆ ಗೊತ್ತಾಗುವುದಿಲ್ಲ. ಈಗ ಹಾಗೆ ಹೋಗುವವರು ಭಾನುವಾರ ಸ್ವಂತ ಖರ್ಚಿನಲ್ಲಿ ಹೋಗುತ್ತಾರೆ. ಅಂಥ ಶಿಕ್ಷಕರು ಇದ್ದಾರೆ, ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಅವರ ಒಳ್ಳೆಯತನದ ಮೇಲೆ ಇಡೀ ವ್ಯವಸ್ಥೆ ನಿಲ್ಲಬಾರದು. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಒಂದನ್ನು ಹತ್ತಿರದ ಮ್ಯೂಸಿಯಂನಲ್ಲೇ ನಡೆಸಿದರೆ ಈ ಕೆಲಸ ಖರ್ಚಿಲ್ಲದೆ ಆಗಿಹೋಗುತ್ತದೆ.

ಮೂರನೆಯದು ಮ್ಯೂಸಿಯಂಗಳ ಪಾಲು. ಬೆಂಗಳೂರಿನ ವಿಜ್ಞಾನ ಮ್ಯೂಸಿಯಂನಲ್ಲಿ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ಪ್ರಾತ್ಯಕ್ಷಿಕೆ ನಡೆಯುತ್ತವೆ. ಅದೇ ರಸ್ತೆಯಲ್ಲಿ 2023ರಲ್ಲಿ ಕಟ್ಟಡ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ) ಎಂಬ ಕಲಾ ಮ್ಯೂಸಿಯಂ ಶಾಲೆಗಳಿಗೆ ಅಂತಲೇ ಕಾರ್ಯಕ್ರಮ ಮಾಡುತ್ತದೆ. ಜಿಲ್ಲೆಗಳ ಸಣ್ಣ ಮ್ಯೂಸಿಯಂಗಳಲ್ಲಿ ಕಾವಲುಗಾರರು, ಟಿಕೆಟ್ ಕೊಡುವವರು ಸಿಗುತ್ತಾರೆ, ಮಕ್ಕಳ ಜೊತೆ ಮಾತಾಡುವುದೇ ಕೆಲಸವಾಗಿರುವ ಒಬ್ಬರು ಸಿಗುವುದು ಕಷ್ಟ. ಪ್ರತಿ ಮ್ಯೂಸಿಯಂಗೂ ಅಂಥ ಒಬ್ಬರನ್ನು ನೇಮಿಸುವುದು ದೊಡ್ಡ ಖರ್ಚಲ್ಲ. ಅಲ್ಲಿಯವರೆಗೆ ಇನ್ನೂ ಸಣ್ಣದೊಂದು ಕೆಲಸ ಆಗಬಹುದು. ಪ್ರತಿ ಜಿಲ್ಲೆಯ ಮ್ಯೂಸಿಯಂ ತನ್ನಲ್ಲಿರುವ ಐದು ವಸ್ತುಗಳನ್ನು ಆರಿಸಲಿ. ಪ್ರತಿಯೊಂದಕ್ಕೂ ಒಂದು ದೊಡ್ಡ ಫೋಟೋ, ಎಂಟನೇ ತರಗತಿಯ ಮಗು ಓದಬಲ್ಲ ಕನ್ನಡದಲ್ಲಿ ಅರ್ಧ ಪುಟ, ಯಾವ ತರಗತಿಯ ಯಾವ ಪಾಠಕ್ಕೆ ಹೊಂದುತ್ತದೆ ಎಂಬ ಒಂದು ಸಾಲು. ಅದನ್ನು ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಆ ಜಿಲ್ಲೆಯ ಎಲ್ಲ ಸಮಾಜ ವಿಜ್ಞಾನ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ, ಅವರು ವರ್ಷದ ಪಾಠ ಯೋಜನೆ ಬರೆಯುವಾಗಲೇ ಭೇಟಿಯ ದಿನವನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತಾರೆ.